ಡಬ್ಬಿ ಗೇರು ಮತ್ತು ಹತ್ತೊಂಬತ್ತು ನಿಲುಗಡೆ

ಸೈಕಲ್ಲಿನ ಗೇರಿನ ವಿಷಯದಲ್ಲಿ ನಾನು ಯಾರ ಪಕ್ಷವೂ ಅಲ್ಲ ಎಂದು ಹೇಳಿ ಮನೆಯಲ್ಲಿ ಬೈಸಿಕೊಂಡೆ. ಬೈದವಳು ಹೆಂಡತಿ ಶಿವಲೀಲಾ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಈಗಲೂ ಯೋಚಿಸುತ್ತೇನೆ.

"ಎರಡೂ ಕಡೆ ಏನೇನು ಹೇಳ್ತಾರ, ಎಲ್ಲಾ ಬರದೀನಿ. ತೀರ್ಮಾನ ಓದೋರಿಗೆ ಬಿಟ್ಟದ್ದು," ಎಂದಿದ್ದೆ.

"ಓದೋರು ಬಂದು ನನ್ನ ಸೈಕಲ್ ತುಳೀತಾರೇನ್ರಿ?" ಎಂದಳು.

ಮೂವತ್ತು ವರ್ಷದಿಂದ ನಾನು ಆದೋನಿಯಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರ. ಊರು ಆಂಧ್ರದ್ದು, ಬೋರ್ಡುಗಳು ತೆಲುಗಿನವು, ಬಜಾರಿನ ಮಾತು ಮೂರು ಭಾಷೆಯ ಚಿತ್ರಾನ್ನ, ಪತ್ರಿಕೆ ಮಾತ್ರ ಬಳ್ಳಾರಿಯಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಕೆಲವೇ ನಿಯಮಗಳನ್ನು: ಹೆಸರು ತಪ್ಪಬಾರದು, ಅಂಕಿ ಎರಡು ಸಲ ನೋಡಬೇಕು, ವಿಶೇಷಣ ಕಂಡರೆ ಹೊಡೆದುಹಾಕಬೇಕು, ಎರಡೂ ಕಡೆಯವರನ್ನು ಕೇಳದೆ ಒಂದು ಸಾಲೂ ಬರೆಯಬಾರದು. ಈ ನಿಯಮಗಳಿಂದ ಪತ್ರಿಕೆಗೆ ಯಾವತ್ತೂ ತೊಂದರೆಯಾಗಿಲ್ಲ. ಸಂಸಾರದ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲಾರೆ. ಮಗಳ ಮದುವೆಯಲ್ಲಿ ಜಿಲೇಬಿಯೋ ಹೋಳಿಗೆಯೋ ಎಂಬ ಪ್ರಶ್ನೆ ಬಂದಾಗ ನಾನು ಎರಡರ ಪರವಾಗಿಯೂ ಮಾತಾಡಿ, ಕೊನೆಗೆ ಯಾರೂ ಕೇಳದ ಮೈಸೂರು ಪಾಕು ಬಂದಿತ್ತು.

ಗೇರಿನ ಪ್ರಶ್ನೆ ಮಾತ್ರ ಸಿಹಿ ತಿಂಡಿಯ ಪ್ರಶ್ನೆಯಷ್ಟು ಹಗುರವಾಗಿರಲಿಲ್ಲ. ಶಿವಲೀಲಾ ಪ್ರೈಮರಿ ಶಾಲೆಯ ಟೀಚರು. ಆದೋನಿಯಿಂದ ಹೊಳಗುಂದದ ಕಡೆಗೆ ಹೋಗುವ ರಸ್ತೆಯಲ್ಲಿ ಎಂಟು ಕಿಲೋಮೀಟರು ಹೋದರೆ ಸಿಗುವ ಹಳ್ಳಿಯಲ್ಲಿ ಕನ್ನಡ ಕಲಿಸುತ್ತಾಳೆ. ಹನ್ನೊಂದು ವರ್ಷ ಶೇರ್ ಆಟೋದಲ್ಲಿ ಹೋಗಿಬಂದಳು. ಆಟೋದವನು ಈ ವರ್ಷ ಹತ್ತಿ ಬಿಡಿಸುವ ಕೂಲಿಯವರನ್ನು ಬೇರೆ ದಾರಿಯಲ್ಲಿ ಸಾಗಿಸಲು ಹೋದ. ಬಸ್ಸು ಒಂದೋ ಒಂದು ತಾಸು ಮೊದಲು, ಇಲ್ಲವೇ ಒಂದು ತಾಸು ತಡ. ಒಂಬತ್ತಕ್ಕೆ ಸರಿಯಾಗಿ ಶಾಲೆಯಲ್ಲಿ ನಿಂತು ಫೋನಿಗೆ ಮುಖ ತೋರಿಸಿದರೆ ಮಾತ್ರ ಹಾಜರಿ. ಒಂದು ತಿಂಗಳು ನಾನೇ ನನ್ನ ಹಳೆಯ ಬೈಕಿನಲ್ಲಿ ಬಿಟ್ಟುಬಂದೆ. ಅದೇ ಹೊತ್ತಿಗೆ ಹತ್ತಿ ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುತ್ತದೆ; ಹರಾಜಿನ ದರ ಕಳಿಸದ ವರದಿಗಾರನನ್ನು ಆದೋನಿಯಲ್ಲಿ ಯಾರೂ ವರದಿಗಾರ ಎನ್ನುವುದಿಲ್ಲ.

ಆಗ ಬಂದದ್ದು ವರ್ಗಾವಣೆಯ ಅವಕಾಶ. ಊರೊಳಗಿನ ಶಾಲೆ, ಮನೆಯಿಂದ ನಡೆದು ಹೋಗುವಷ್ಟು ದೂರ, ಆದರೆ ಅಲ್ಲಿ ಕನ್ನಡ ಇಲ್ಲ, ಕಲಿಸಬೇಕಾದದ್ದು ತೆಲುಗಿನಲ್ಲಿ. ಆಕೆಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ, ಅದು ಸಮಸ್ಯೆಯಲ್ಲ. ಆಕೆ ಬಿಟ್ಟ ಜಾಗಕ್ಕೆ ಕನ್ನಡ ಬಲ್ಲ ಇನ್ನೊಬ್ಬರು ಬರುತ್ತಾರೆಂಬ ಖಾತ್ರಿ ಯಾರೂ ಕೊಡಲಿಲ್ಲ. ಅರ್ಜಿಯನ್ನು ಫೋನಿನಲ್ಲಿ ಅರ್ಧ ತುಂಬಿ ಇಟ್ಟಿದ್ದಳು. ಎರಡು ವಾರ ದಾಟಿ ಬರುವ ಶನಿವಾರ ಕಡೆಯ ದಿನ. "ಮನಿಯಾಗ ಕನ್ನಡ ಮಾತಾಡೋ ಹುಡುಗರಿಗೆ ಅಕ್ಷರ ತೋರಿಸೋಕ ಒಬ್ರೂ ಇಲ್ದಂಗಾಗ್ತದ," ಎಂದು ಒಂದೇ ಸಲ ಹೇಳಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಎರಡು ಸಲ ಹೇಳದ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನಗೆ ಕೆಲಸ ಕಲಿಸಿದೆ.

ಸ್ಕೂಟಿ ಆಕೆಗೆ ಆಗದು. ಒಮ್ಮೆ ಕಲಿಯಲು ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಹತ್ತಿಸಿದ್ದಳು. "ಸ್ಕೂಟಿ ಮ್ಯಾಲೆ ಕಾಲಿಗೆ ಕೆಲಸ ಇರಾಂಗಿಲ್ಲ. ಕೆಲಸ ಇಲ್ದ ಕಾಲು ಹೆದರ್ತಾವ," ಎಂಬುದು ಆಕೆಯ ವಿವರಣೆ. ಸೈಕಲ್ಲು ಮಾತ್ರ ಹುಡುಗಿಯಾಗಿದ್ದಾಗಿನಿಂದ ಬರುತ್ತದೆ. ಹಾಗಾಗಿ ಬ್ಯಾಟರಿ ಸೈಕಲ್ಲು: ಪೆಡಲು ತುಳಿದಾಗ ಮೋಟಾರು ಜೊತೆಗೆ ತಳ್ಳುತ್ತದೆ. ಅಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಗೇರಿನ ಹತ್ತಿರ ಬಂದು ಮನೆ ಎರಡಾಯಿತು.

ಗೇರಿನಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಹಿಂದಿನ ಗಾಲಿಗೆ ದೊಡ್ಡದು ಚಿಕ್ಕದು ಏಳು ಹಲ್ಲಿನ ಚಕ್ರಗಳಿರುತ್ತವೆ, ತಟ್ಟೆಯ ಮೇಲೆ ತಟ್ಟೆ ಪೇರಿಸಿಟ್ಟ ಹಾಗೆ. ಕೆಳಗೆ ನೇತಾಡುವ ಒಂದು ಸಣ್ಣ ತೋಳು ಚೈನನ್ನು ಒಂದರಿಂದ ಇನ್ನೊಂದಕ್ಕೆ ತಳ್ಳುತ್ತದೆ. ಎಲ್ಲವೂ ಹೊರಗೆ, ಕಣ್ಣಿಗೆ ಕಾಣುವಂತೆ. ಇದನ್ನು ನಾವು ಹೊರಗೇರು ಎಂದು ಕರೆದೆವು. ಎರಡನೆಯದರಲ್ಲಿ ಹಿಂದಿನ ಗಾಲಿಯ ನಡುವೆ ಒಂದು ದಪ್ಪ ಡಬ್ಬಿ ಇರುತ್ತದೆ, ಮೂರು ಗೇರೂ ಅದರೊಳಗೇ. ಹೊರಗಿನಿಂದ ನೋಡಿದವರಿಗೆ ಗೇರೇ ಇಲ್ಲದ ಸೈಕಲ್ಲು. ಅದು ಡಬ್ಬಿ ಗೇರು.

ಹೊರಗೇರಿನ ಪಕ್ಷದ ಮುಖಂಡ ಬಳ್ಳಾರಿಯಲ್ಲಿರುವ ನನ್ನ ತಂಗಿಯ ಮಗ ಬಸವರಾಜ. ಬ್ಯಾಂಕಿನಲ್ಲಿ ಕ್ಲರ್ಕು, ಉಳಿದ ಸಮಯದಲ್ಲಿ ಸೈಕಲ್ಲುಗಳ ಬಗ್ಗೆ ಪರದೇಶದವರು ಮಾಡಿದ ವಿಡಿಯೋಗಳ ಭಕ್ತ. ಅವನ ಬಳಿ ಏಳು ಗೇರಿನ ಬ್ಯಾಟರಿ ಸೈಕಲ್ಲಿತ್ತು; ಅದನ್ನು ಹದಿನೈದು ದಿನದ ಮಟ್ಟಿಗೆ ಗೂಡ್ಸ್ ಆಟೋದಲ್ಲಿ ಹಾಕಿ ಕಳಿಸಿದ. "ಅತ್ತಿ ಹೊಡದು ನೋಡ್ಲಿ ಮಾವ. ಡಬ್ಬಿ ಗೇರು ಅಜ್ಜಂದಿರ ಕಾಲದ್ದು. ಏಳು ಎಲ್ಲಿ, ಮೂರು ಎಲ್ಲಿ!" ಡಬ್ಬಿ ಗೇರಿನದು ಬಳ್ಳಾರಿಯ ಒಂದು ಅಂಗಡಿಯಲ್ಲಿ ಒಂದೇ ಒಂದು ಇತ್ತು. ನೋಡಿದವರೆಲ್ಲ "ಗೇರು ಎಲ್ಲೈತಿ?" ಎಂದು ಕೇಳಿ ಹೋಗುತ್ತಿದ್ದರಂತೆ, ಅಂಗಡಿಯವರು ನಮಗಾಗಿ ಆ ಹದಿನೈದು ದಿನ ಮುಗಿಯುವ ಗುರುವಾರದವರೆಗೆ ಕಾದಿರಿಸುವುದಾಗಿ ಹೇಳಿದ್ದರು. ಎರಡಕ್ಕೂ ಮೋಟಾರು ಮುಂದಿನ ಗಾಲಿಯಲ್ಲಿ, ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಜಗಳಕ್ಕೆ ಉಳಿದದ್ದು ಗೇರು ಮಾತ್ರ.

ನಾನು ಒಂದು ನೋಟ್‌ಬುಕ್ಕು ತೆರೆದು ನಡುವೆ ಗೆರೆ ಎಳೆದೆ. ಎಡಕ್ಕೆ ಹೊರಗೇರು, ಬಲಕ್ಕೆ ಡಬ್ಬಿ. ಬಸವರಾಜ ಹೇಳಿದ್ದು, ಅಂಗಡಿಯವರು ಹೇಳಿದ್ದು, ಎಂದೂ ಎರೆಮಣ್ಣು ತುಳಿಯದ ಪರದೇಶದ ಮಹನೀಯರು ಫೋನಿನಲ್ಲಿ ಹೇಳಿದ್ದು, ಎಲ್ಲವನ್ನೂ ಅವರವರ ಹೆಸರಿನ ಮುಂದೆ ಬರೆದೆ. ಹೊರಗೇರು ಹಗುರ, ಡಬ್ಬಿ ಭಾರ. ಡಬ್ಬಿಗೆ ಚೈನಿನ ಸುತ್ತ ಪೂರ್ತಿ ಮುಚ್ಚಳ ಹಾಕಬಹುದು, ಹೊರಗೇರಿಗೆ ಆಗದು. ಹೊರಗೇರು ಕೆಟ್ಟರೆ ಕಾಣುತ್ತದೆ, ಡಬ್ಬಿ ಕೆಟ್ಟರೆ ಒಳಗಿನ ಗುಟ್ಟು. ದಿನಕ್ಕೆ ಒಂದು ಪುಟದಂತೆ ಬರೆದರೂ ಎರಡು ಕಾಲಂಗಳು ಸಮವಾಗಿಯೇ ಬೆಳೆದವು. ಒಂದು ಉದ್ದವಾಗುತ್ತಿದೆ ಎನ್ನಿಸಿದರೆ ನಾನೇ ಇನ್ನೊಂದರ ಪರವಾಗಿ ಏನಾದರೂ ಹುಡುಕಿ ತರುತ್ತಿದ್ದೆ ಎಂದು ಈಗ ಅನುಮಾನ.

ಹುಡುಕುತ್ತ ಹೋದಂತೆ ಕುತೂಹಲ ನನ್ನನ್ನು ಸೈಕಲ್ಲಿನಿಂದ ಇಳಿಸಿ ಬೇರೆಲ್ಲೋ ಕರೆದುಕೊಂಡು ಹೋಯಿತು. ಗೇರು ಎಂದರೆ ಏನು? ಒಂದು ವ್ಯಾಪಾರ. ಬಲ ಬೇಕಾದರೆ ವೇಗ ಕೊಡು, ವೇಗ ಬೇಕಾದರೆ ಬಲ ಬಿಡು. ಎರಡನ್ನೂ ಕೊಡುವ ಯಂತ್ರವನ್ನು ಯಾರೂ ಮಾಡಿಲ್ಲ. ನನ್ನ ತಾತನ ಹೊಲದಲ್ಲಿ ಕಪಿಲೆ ಬಾವಿ ಇತ್ತು. ಬಾವಿಯ ಪಕ್ಕದಲ್ಲಿ ಇಳಿಜಾರಾದ ಓಣಿ ತೋಡಿ, ಎತ್ತುಗಳು ಕೆಳಮುಖವಾಗಿ ನಡೆದಾಗ ಹಗ್ಗ ಜಗ್ಗಿ ನೀರಿನ ಚರ್ಮದ ಚೀಲ ಮೇಲೆ ಬರುವಂತೆ ಮಾಡಿದ್ದರು. ಎತ್ತಿನ ಬಲಕ್ಕೆ ಅದರ ಮೈಯ ಭಾರವೂ ಸೇರುತ್ತಿತ್ತು. ಹಲ್ಲಿನ ಚಕ್ರ ಕಾಣದ ಜನ ನೆಲವನ್ನೇ ಓರೆ ಮಾಡಿ ಗೇರು ಮಾಡಿಕೊಂಡಿದ್ದರು ಎಂದು ನನಗೆ ಆ ದಿನ ಹೊಳೆಯಿತು. ಹೊಳೆದದ್ದನ್ನು ಯಾವ ಕಾಲಂಗೆ ಹಾಕಬೇಕೆಂದು ಮಾತ್ರ ತಿಳಿಯಲಿಲ್ಲ.

ಡಬ್ಬಿಯೊಳಗೆ ಏನಿದೆ ಎಂದು ನೋಡಿದರೆ ಇನ್ನೂ ಸೋಜಿಗ. ನಡುವೆ ಒಂದು ಹಲ್ಲಿನ ಚಕ್ರ, ಅದಕ್ಕೆ ಸೂರ್ಯ ಎಂದು ಹೆಸರು. ಸುತ್ತ ತಿರುಗುವ ಪುಟ್ಟ ಚಕ್ರಗಳಿಗೆ ಗ್ರಹಗಳೆಂದು ಹೆಸರು. ಈ ಗ್ರಹಚಾರವನ್ನು ಸಂಜೆ ಚಹಾ ಕುಡಿಯುವಾಗ ಶಿವಲೀಲಾಗೆ ಚಿತ್ರ ಬರೆದು ವಿವರಿಸಿದೆ.

"ಗ್ರಹಗಳು ಡಬ್ಬಿ ಒಳಗ ಇದ್ರ ಛಲೋ ಆತಲ್ರಿ," ಎಂದಳು. "ಹೊರಗಿದ್ದವೇ ನಮ್ಮನ್ನ ಕಾಡೋದು."

ಇದನ್ನು ಬಲಗಡೆ ಬರೆಯಬಹುದಿತ್ತು. ಅಧಿಕೃತ ಅಭಿಪ್ರಾಯವಲ್ಲ ಎಂದು ಬಿಟ್ಟುಬಿಟ್ಟೆ. ಈ ತಪ್ಪಿನ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು ತಪ್ಪಿದೆ.

ಬಸವರಾಜ ಫೋನಿನಲ್ಲಿ ಎಚ್ಚರಿಸಿದ್ದ: "ಮಾವ, ಹೊರಗೇರಿನ ಚೈನಿಗೆ ವಾರಕ್ಕೊಮ್ಮೆ ಎಣ್ಣಿ ಬೇಕು." ಎಣ್ಣೆ ಎಂದರೆ ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ಓಣಿಯ ತುದಿಯಲ್ಲೇ ಎಣ್ಣೆ ಗಾಣವಿದೆ. ಬಾಗಿಲಿನ ಕಿರುಗುಟ್ಟುವಿಕೆಯಿಂದ ಹಿಡಿದು ಕಿವಿನೋವಿನವರೆಗೆ ಶೇಂಗಾ ಎಣ್ಣೆಯೇ ನಮಗೆ ಮದ್ದು. ಅಡಿಗೆಮನೆಯ ಡಬ್ಬದಿಂದ ಒಂದು ಬಟ್ಟಲು ತಂದು ಚೈನಿಗೆ ಧಾರಾಳವಾಗಿ ಸುರಿದೆ. ಸೈಕಲ್ಲು ಮಿರಮಿರ ಮಿಂಚಿತು. ಮುಂದಿನ ಮೂರು ದಿನ ಶಿವಲೀಲಾ ಅದನ್ನು ತುಳಿದುಕೊಂಡು ಹತ್ತಿ ಮಾರ್ಕೆಟ್ಟಿನ ಮುಂದೆ ಹಾದು ಶಾಲೆಗೆ ಹೋದಳು.

ಹತ್ತಿಯ ಕಾಲದಲ್ಲಿ ಆದೋನಿಯ ಗಾಳಿಯನ್ನು ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಲಾರಿಗಳಿಂದ, ಬಂಡಿಗಳಿಂದ, ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಿಂದ ಹತ್ತಿಯ ಎಳೆ ಹಾರಿ ಬೇಲಿಯ ಮೇಲೆ, ಕರೆಂಟಿನ ತಂತಿಯ ಮೇಲೆ, ಚಹಾದ ಲೋಟದಲ್ಲಿ ಕೂರುತ್ತದೆ. ಎಣ್ಣೆ ಕುಡಿದ ಚೈನು ಅದಕ್ಕೆ ಹಾಸಿಗೆಯಾಯಿತು. ನಾಲ್ಕನೆಯ ದಿನ ಗೇರು ಹಾಕಿದರೆ ಬೀಳಲಿಲ್ಲ. ಬಿದ್ದದ್ದು ತಾನೇ ಹಾರಿ ಬೇರೆ ಚಕ್ರಕ್ಕೆ ಹೋಯಿತು. ಕೆಳಗೆ ನೇತಾಡುವ ತೋಳಿನ ಎರಡು ಪುಟ್ಟ ಚಕ್ರಗಳು ಬಿಳಿ ಉಂಡೆಗಳಾಗಿದ್ದವು.

ಸೈಕಲ್ಲನ್ನು ಖಾಜಾನ ಅಂಗಡಿಗೆ ತಳ್ಳಿಕೊಂಡು ಹೋದೆ. ಖಾಜಾ ನನ್ನ ವಯಸ್ಸಿನವನು, ಅಪ್ಪನ ಕಾಲದಿಂದ ಸೈಕಲ್ ರಿಪೇರಿ. ಕೂತಲ್ಲೇ ಬಗ್ಗಿ ಚೈನಿಗೆ ಬೆರಳು ತಾಗಿಸಿ ಮೂಸಿ ನೋಡಿದ.

"ಶೇಂಗಾ ಎಣ್ಣಿ?"

"ಹೂಂ."

"ಸಾಬ್, ಇದು ಚೈನಲ್ಲ, ದೀಪದ ಬತ್ತಿ. ಕಡ್ಡಿ ಗೀರ್ಲೇನು? ಒಳ್ಳೆ ಬೆಳಕು ಬರ್ತದ."

ಪಕ್ಕದ ಚಹಾದಂಗಡಿಯವರೂ ನಕ್ಕರು. ಖಾಜಾ ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಹತ್ತು ನಿಮಿಷದಲ್ಲಿ ಎಲ್ಲ ಕಿತ್ತು ತೊಳೆದು ಸರಿ ಮಾಡಿದ. ಡಬ್ಬಿ ಗೇರಿನ ಬಗ್ಗೆ ಕೇಳಿದೆ. ಫೋನಿನಲ್ಲಿ ಚಿತ್ರ ನೋಡಿ ತಲೆ ಆಡಿಸಿದ. "ಇದ್ರೊಳಗ ಹತ್ತಿ ಹೋಗಾಂಗಿಲ್ಲ. ಆದ್ರ ಕೆಟ್ರ ನಾ ಬಿಚ್ಚಾಂಗಿಲ್ಲ. ಸಚ್ ಹೇಳ್ತೀನಿ, ಬಿಚ್ಚಿದ್ರ ಸೇರ್ಸೋಕ ಬರಾಂಗಿಲ್ಲ." ಅಂದರೆ ಹೊರಗೇರು ಬೇಗ ಕೊಳೆಯಾಗುತ್ತದೆ, ಆದರೆ ಇಲ್ಲೇ ಸರಿಯಾಗುತ್ತದೆ, ಡಬ್ಬಿ ಕೊಳೆಯಾಗದು, ಆದರೆ ಕೆಟ್ಟರೆ ಊರು ಬಿಟ್ಟು ಹೋಗಬೇಕು. ಎರಡು ಕಾಲಂ ಮತ್ತೆ ಸಮ. ನನಗೆ ಒಳಗೊಳಗೇ ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಬಸವರಾಜನ ದೊಡ್ಡ ಬಾಣ ಇನ್ನೂ ಬತ್ತಳಿಕೆಯಲ್ಲಿತ್ತು. ಅದನ್ನು ಸೋಮವಾರ ಬಿಟ್ಟ. "ಮಾವ, ಪಂಕ್ಚರ್ ವಿಚಾರ ಮಾಡಿರೇನು? ಹೊರಗೇರಿನ ಗಾಲಿ ಎರಡು ನಿಮಿಷಕ್ಕ ಬಿಚ್ಚಿ ಬರ್ತದ. ಡಬ್ಬಿದು ನಟ್ಟು ಸಡಿಲ ಮಾಡಿ, ಗೇರಿನ ವೈರು ಕಳಚಿ, ಮುಚ್ಚಳ ತಗದು, ಮತ್ತ ಎಲ್ಲಾ ಹೊಂದ್ಸಿ... ಅರ್ಧ ತಾಸು. ಅತ್ತಿ ಸಾಲಿಗೆ ಹೋದಂಗ ಐತಿ."

ಇದು ನಿಜಕ್ಕೂ ಭಾರಿ ವಾದ. ನಮ್ಮ ಕಡೆಯ ರಸ್ತೆಗಳ ಎರಡೂ ಬದಿಗೆ ಜಾಲಿಯ ಮುಳ್ಳು ಕಂಟಿಗಳಿವೆ. ಕನ್ನಡದವರು ಅದನ್ನು ಬಳ್ಳಾರಿ ಜಾಲಿ ಅನ್ನುತ್ತಾರೆ. ತೆಲುಗಿನವರು ಸರ್ಕಾರು ತುಮ್ಮ ಅನ್ನುತ್ತಾರೆ. ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಆ ಗಿಡದ ಮುಳ್ಳು ಮಾತ್ರ ಎಲ್ಲರ ಟೈರಿನಲ್ಲೂ ಸಮನಾಗಿ ಚುಚ್ಚುತ್ತದೆ. ಪರದೇಶದ ಮಹನೀಯರೂ ಒಬ್ಬರಾದ ಮೇಲೆ ಒಬ್ಬರು ಇದನ್ನೇ ಹೇಳಿದ್ದರು: ಡಬ್ಬಿ ಗೇರಿನ ಗಾಲಿ ಬಿಚ್ಚುವುದು ತಲೆನೋವು. ಎಡಗಡೆಯ ಕಾಲಂನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಮೊದಲ ಬಾರಿಗೆ ತಕ್ಕಡಿ ಒಂದು ಕಡೆ ವಾಲಿತು.

ಮಂಗಳವಾರ ಮುಳ್ಳು ಬಂದೇಬಿಟ್ಟಿತು, ಹಿಂದಿನ ಗಾಲಿಗೆ. ಸಂಜೆ ಖಾಜಾನ ಮುಂದೆ ಸ್ಟೂಲಿನ ಮೇಲೆ ಕೂತು, ಗಡಿಯಾರ ನೋಡುತ್ತ, ಗಾಲಿ ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಬರೆದುಕೊಳ್ಳಲು ಪೆನ್ನು ಹಿಡಿದೆ. ಖಾಜಾ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ. ಎರಡು ಕಬ್ಬಿಣದ ಪಟ್ಟಿ ತೂರಿಸಿ ಟೈರಿನ ಒಂದು ಅಂಚನ್ನು ಎತ್ತಿದ. ಸಂದಿಯಿಂದ ಟ್ಯೂಬನ್ನು ಕರುಳಿನ ಹಾಗೆ ಹೊರಗೆ ಎಳೆದ. ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಅದ್ದಿದ; ಗುಳ್ಳೆ ಬಂತು. ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚು ಕೂರಿಸಿ, ಟ್ಯೂಬನ್ನು ಒಳಗೆ ತಳ್ಳಿ ಟೈರು ಮುಚ್ಚಿದ.

"ಆತ್ರೀ," ಎಂದ.

"ಗಾಲಿ ಬಿಚ್ಚಲಿಲ್ಲ?"

ಖಾಜಾ ನನ್ನನ್ನು ನೋಡಿದ ರೀತಿಯನ್ನು ವರ್ಣಿಸಲು ವಿಶೇಷಣ ಬೇಕು, ನಾನು ಬಳಸುವುದಿಲ್ಲ. "ಗಾಲಿ ಯಾಕ ಬಿಚ್ಚಬೇಕ್ರಿ ಸಾಬ್? ತೂತು ಟ್ಯೂಬಿಗೆ ಬಿದ್ದೈತಿ. ಕಾಲಿಗೆ ಮುಳ್ಳು ಚುಚ್ಚಿದ್ರ ಕಾಲು ಬಿಚ್ತಾರೇನು?"

ಐವತ್ತು ವರ್ಷದಿಂದ ಈ ಊರಿನಲ್ಲಿ ಪಂಕ್ಚರ್ ಹಾಕುವುದನ್ನು ನೋಡಿದ್ದೇನೆ. ಟ್ಯೂಬು ಪೂರ್ತಿ ಬದಲಿಸುವಾಗ ಬಿಟ್ಟರೆ ಗಾಲಿ ಬಿಚ್ಚಿದ್ದನ್ನು ಕಂಡವನಲ್ಲ. ಆದರೂ ಪರದೇಶದವರು ಹೇಳಿದ ತಕ್ಷಣ ನಂಬಿದೆ, ಅಡಿಗೆರೆ ಬೇರೆ ಎಳೆದೆ. ಅಲ್ಲಿ ಪಂಕ್ಚರಾದರೆ ಅವರವರೇ ಗಾಲಿ ಬಿಚ್ಚಿ ಹೊಸ ಟ್ಯೂಬು ಹಾಕಿಕೊಳ್ಳುತ್ತಾರಂತೆ. ಅವರ ರಸ್ತೆಯ ಬದಿಯಲ್ಲಿ ಬೋಗುಣಿ ಇಟ್ಟುಕೊಂಡು ಖಾಜಾ ಕೂತಿಲ್ಲ. ಒಂದು ಊರಿನ ಕಷ್ಟ ಇನ್ನೊಂದು ಊರಿಗೆ ಬರುವಾಗ ದಾರಿಯಲ್ಲೇ ಎಲ್ಲೋ ಕಳೆದುಹೋಗಬಹುದು ಎಂಬ ಸಾಮಾನ್ಯ ಸಂಗತಿ ವರದಿಗಾರನಿಗೆ ಹೊಳೆಯಲಿಲ್ಲ. ಮನೆಗೆ ಬಂದು ದೊಡ್ಡ ಅಕ್ಷರದ ಸಾಲನ್ನು ಹೊಡೆದುಹಾಕಿದೆ. ಕಾಲಂಗಳು ಮೂರನೆಯ ಸಲ ಸಮವಾದವು.

ಶಿವಲೀಲಾ ಬೈದದ್ದು ಆಗ. ಬೈದು, ನೋಟ್‌ಬುಕ್ಕು ಎಳೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದಳು. ಮಕ್ಕಳ ಕಾಪಿ ತಿದ್ದುವವರು ಓದುವ ವೇಗ ನಿಮಗೆ ಗೊತ್ತಲ್ಲ.

"ಬಸವರಾಜ ಅಂದದ್ದೈತಿ. ಖಾಜಾ ಅಂದದ್ದೈತಿ. ಫೋನಿನಾಗಿನ ಯಾರೋ ಬಿಳೇ ಗಡ್ಡದೋನು ಅಂದದ್ದೂ ಐತಿ. ನನ್ನ ಹೆಸರು ಎಲ್ಲೈತ್ರಿ ಇದ್ರಾಗ?"

ಎಲ್ಲಿಯೂ ಇರಲಿಲ್ಲ. ನೀರಿಲ್ಲದ ಓಣಿಯ ಬಗ್ಗೆ ವರದಿ ಬರೆದು, ಕೊಡ ಹಿಡಿದು ನಿಂತ ಹೆಂಗಸನ್ನೇ ಮಾತಾಡಿಸದೆ ಕಳಿಸಿದ ಹಾಗಾಗಿತ್ತು. ಹೊಸದಾಗಿ ಬಂದ ವರದಿಗಾರರು ಹೀಗೆ ಮಾಡಿದಾಗ ನಾನು ಏನೇನು ಹೇಳಿದ್ದೆ ಎಂಬುದೆಲ್ಲ ನೆನಪಾಯಿತು.

"ನಿನಗ ಯಾವುದು ಬೇಕು?" ಎಂದು ಕೇಳಿದೆ, ಹದಿಮೂರು ದಿನ ತಡವಾಗಿ.

"ನಂಗೇನು ಗೊತ್ತು ಯಾವುದು ಅಂತ? ಒಂದೇ ಗೊತ್ತು. ಹಳ್ಳದಾಗ ದಿನಾ ಇಳದು ತಳ್ತೀನಿ. ಬ್ಯಾಟರಿ ಸೈಕಲ್ ಎಷ್ಟು ಭಾರ ಐತಿ, ತಳ್ಳಿ ನೋಡಿರೇನು? ಇವತ್ತು ಫೋನಿಗೆ ಎರಡು ಸಲ ಮುಖ ತೋರಿಸ್ದೆ, ಬೆವರಿಗೆ ಗುರುತೇ ಹಿಡೀಲಿಲ್ಲ. ದಿನಾ ಹಿಂಗಾದ್ರ ಸರ್ಲೇ, ಹೋಗ್ಲಿ ಅಂತ ಆ ಅರ್ಜಿ ಒತ್ತಿಬಿಡ್ತೀನಿ."

ಬುಧವಾರ ಹರಾಜಿನ ದರ ತಡವಾದರೆ ಆಗಲಿ ಎಂದು ಬೈಕು ಹತ್ತಿ ಆಕೆಯ ಹಿಂದೆ ಹೊರಟೆ. ಸುಮಾರು ದೂರ ಬಿಟ್ಟು, ಜೇಬಿನಲ್ಲಿ ಪೆನ್ನು ಕಾಗದ ಇಟ್ಟುಕೊಂಡು. ಇಪ್ಪತ್ತೆಂಟು ವರ್ಷ ಜೊತೆಗಿದ್ದೂ ಆಕೆ ಶಾಲೆಗೆ ಹೋಗುವುದನ್ನು ಹೀಗೆ ಹಿಂದಿನಿಂದ ನೋಡಿರಲಿಲ್ಲ.

ಎಂಟು ಕಿಲೋಮೀಟರಿನಲ್ಲಿ ಹತ್ತೊಂಬತ್ತು ಸಲ ನಿಂತಳು. ಅಂಕಿಯನ್ನು ಎರಡು ಸಲ ನೋಡಿದ್ದೇನೆ. ಮಾರ್ಕೆಟ್ಟಿನ ಗೇಟಿನಲ್ಲಿ ಲಾರಿ ಹಿಂದಕ್ಕೆ ಬರುತ್ತಿತ್ತು, ನಿಂತಳು. ಊರ ಹೊರಗೆ ಎಮ್ಮೆಗಳು. ಸೀರೆಯ ಅಂಚು ಚೈನಿನ ಹತ್ತಿರ ಹೋಯಿತು, ನಿಂತು ಸೆರಗು ನೆರಿಗೆ ಎಲ್ಲ ಎತ್ತಿ ಸಿಕ್ಕಿಸಿದಳು. ಇದೇ ಮೂರು ಸಲ. ಹೊಲದ ಬದುವಿನಿಂದ ಒಬ್ಬಳು ಕೂಗಿದಳು: "ಟೀಚರಮ್ಮಾ, ನಮ್ಮಾಕಿ ನಿನ್ನೆ ಲೆಕ್ಕ ಮಾಡಿದ್ಲೇನ್ರಿ?" ನಿಂತು ಉತ್ತರಿಸಿದಳು. ಜೋಳದ ಹೊಲದವರೊಬ್ಬರು ಎಳೆ ಸೌತೆಕಾಯಿ ಕೊಟ್ಟರು, ನಿಂತಳು. ಅದನ್ನು ಇಡಲು ಬುಟ್ಟಿ ಸರಿಮಾಡುತ್ತ ಇನ್ನೊಮ್ಮೆ ನಿಂತಳು. ಕಾಗದದ ಮೇಲೆ ನೋಡಿದರೆ ಇದು ಪ್ರಯಾಣವಲ್ಲ, ಹತ್ತೊಂಬತ್ತು ನಿಲುಗಡೆಗಳ ನಡುವೆ ಆಗಾಗ ಸೈಕಲ್ ತುಳಿಯುವುದು.

ಐದನೆಯ ಕಿಲೋಮೀಟರಿಗೆ ಹಳ್ಳ. ರಸ್ತೆ ಸರ್ರನೆ ಇಳಿದು, ತಳದಲ್ಲಿ ಸಣ್ಣ ಸೇತುವೆ ದಾಟಿ, ಅಷ್ಟೇ ಕಡಿದಾಗಿ ಏರುತ್ತದೆ. ಇಳಿಜಾರಿನಲ್ಲಿ ಸೈಕಲ್ಲು ಏಳನೆಯ ಗೇರಿನಲ್ಲಿ ಗಾಳಿಯ ಹಾಗೆ ಹೋಯಿತು. ತಳದಲ್ಲಿ ಈರಮ್ಮನ ಕುರಿಗಳಿದ್ದವು. ಈರಮ್ಮ ಅಲ್ಲಿ ಕುರಿ ಕಾಯುವಾಕೆ, ಬೆಳಿಗ್ಗೆ ಅದೇ ಹೊತ್ತಿಗೆ ಹಿಂಡನ್ನು ನೀರಿಗೆ ಇಳಿಸುತ್ತಾಳೆ. ಕುರಿಗಳು ರಸ್ತೆಯನ್ನು ತಮ್ಮದೇ ಅಂದುಕೊಂಡಿವೆ. ಶಿವಲೀಲಾ ಬ್ರೇಕು ಹಿಡಿದು ನಿಂತಳು. ಕುರಿಗಳು ದಾಟಿದವು. ಆಮೇಲೆ ಎದುರಿಗೆ ಏರು, ಕಾಲಡಿಯಲ್ಲಿ ಏಳನೆಯ ಗೇರು. ಹೊರಗೇರಿನ ಚೈನು ಓಡುತ್ತಿದ್ದರೆ ಮಾತ್ರ ಒಂದು ಚಕ್ರದಿಂದ ಇನ್ನೊಂದಕ್ಕೆ ಹಾರುತ್ತದೆ. ನಿಂತ ಮೇಲೆ ಏನು ಒತ್ತಿದರೂ ಅದು ಅಲುಗದು. ಗೇರು ಇಳಿಸಬೇಕಾದರೆ ತುಳಿಯಬೇಕು, ತುಳಿಯಬೇಕಾದರೆ ಗೇರು ಇಳಿದಿರಬೇಕು. ತುಳಿಯದೆ ಓಡಿಸಲು ಹ್ಯಾಂಡಲಿನಲ್ಲಿದ್ದ ಗುಂಡಿ ಒತ್ತಿದರೆ ಮೋಟಾರು ಗುಂಯ್ ಎಂದಿತು, ಅಷ್ಟೇ. ಅಂಥ ಏರಿನಲ್ಲಿ ಕಾಲಿನ ಸಹಾಯವಿಲ್ಲದೆ ಅದಕ್ಕೂ ಆಗದು. ಆಕೆ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ತಳ್ಳಿದಳು. ನಾನು ಓಡಿಹೋಗಿ ಕೈ ಕೊಡುವಷ್ಟರಲ್ಲಿ ಅರ್ಧ ಏರಿದ್ದಳು.

"ಹಿಂದ ಹಿಂದ ಬಂದ್ರೇನು?" ಎಂದು ಕೇಳಿದಳು, ಆಶ್ಚರ್ಯವಿಲ್ಲದೆ.

"ಹಳ್ಳಕ್ಕ ಇಳಿಯೋಕ್ಕಿಂತ ಮುಂಚೇನೇ ಗೇರು ಕಡಿಮಿ ಮಾಡಬೇಕಿತ್ತು."

"ಕುರಿ ಇರ್ತಾವೋ ಇಲ್ವೋ ನನಗ ಮೊದಲೇ ಫೋನ್ ಮಾಡ್ತಾವೇನು?"

"ಅಲ್ಲ, ನೀನು ಇಷ್ಟು ಕಡೆ ನಿಲ್ಲೋದ್ಯಾಕ? ಇಲ್ಲೀತನಕಾನ ಹದಿಮೂರು ಸಲ..."

"ನಾ ಎಲ್ಲಿ ನಿಂತೆ?" ಎಂದಳು, ನಿಜಕ್ಕೂ ಅಚ್ಚರಿಪಟ್ಟು. "ಮಾತಾಡ್ಸಿದ್ರು, ಮಾತಾಡ್ದೆ."

ಅಲ್ಲೇ ಏರಿನ ಮೇಲೆ ನಿಂತು ನಾನು ನೋಟ್‌ಬುಕ್ಕನ್ನು ಮನಸ್ಸಿನಲ್ಲೇ ಮುಚ್ಚಿದೆ. ಡಬ್ಬಿ ಗೇರಿನ ಗುಣಗಳಲ್ಲಿ ಒಂದನ್ನು ನಾನು ಏಳನೆಯ ಪುಟದಲ್ಲಿ, ಅಂಥ ಮಹತ್ವದ್ದಲ್ಲ ಎಂಬಂತೆ, ಸಣ್ಣಕ್ಷರದಲ್ಲಿ ಬರೆದಿದ್ದೆ: ನಿಂತಲ್ಲೇ ಗೇರು ಬದಲಿಸಬಹುದು. ಪರದೇಶದ ವಿಡಿಯೋಗಳಲ್ಲಿ ಅದಕ್ಕೆ ಹೆಚ್ಚು ಬೆಲೆ ಇರಲಿಲ್ಲ. ಸೈಕಲ್ಲೆಂದರೆ ಹೋಗುತ್ತಲೇ ಇರುವ ವಸ್ತು ಎಂದು ಅವರು ತಿಳಿದಿದ್ದರು. ಹಾದಿಯಲ್ಲಿ ಹತ್ತೊಂಬತ್ತು ಸಲ ನಿಲ್ಲುವವಳಿಗೆ, ಸೀರೆ ಉಟ್ಟವಳಿಗೆ, ಹತ್ತಿ ಹಾರುವ ಊರಿನಲ್ಲಿ ಏನು ಬೇಕೆಂದು ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಆಕೆಯನ್ನು ಕೇಳಿರಲಿಲ್ಲ.

ಗುರುವಾರ ಬಳ್ಳಾರಿಗೆ ಹೋದೆ. ಬಸವರಾಜ ಅಂಗಡಿಗೆ ಬಂದಿದ್ದ, ಸೋತ ಅಭ್ಯರ್ಥಿಯ ಗಾಂಭೀರ್ಯದಲ್ಲಿ. "ಮೂರೇ ಗೇರು ಮಾವ, ವಿಚಾರ ಮಾಡ್ರಿ," ಎಂದು ಕೊನೆಯ ಸಲ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಖಾಜಾಗೆ ಆ ಡಬ್ಬಿ ಬಿಚ್ಚಲು ಬರುವುದಿಲ್ಲ ಎಂಬುದೂ ಸುಳ್ಳಲ್ಲ. ಎರಡೂ ಸಾಲುಗಳು ನೋಟ್‌ಬುಕ್ಕಿನಲ್ಲಿ ಹಾಗೇ ಇವೆ, ಅಳಿಸಿಲ್ಲ. ಯಾವುದೋ ಒಂದು ದಿನ ಆ ಡಬ್ಬಿ ಕೆಡುತ್ತದೆ. ಆಗ ಈ ಪ್ರಬಂಧವನ್ನು ಅವನು ನನಗೆ ಓದಿ ಹೇಳಲಿ. ಹೊಸ ಸೈಕಲ್ಲು ಗೂಡ್ಸ್ ಆಟೋದಲ್ಲಿ ನನ್ನ ಜೊತೆ ಬಂತು, ಅವನದು ಅದೇ ಆಟೋದಲ್ಲಿ ತಿರುಗಿ ಹೋಯಿತು.

ಶುಕ್ರವಾರ ಬೆಳಿಗ್ಗೆ ಮತ್ತೆ ಹಿಂದೆ ಹೊರಟೆ, ಈ ಸಲ ಮುಚ್ಚುಮರೆ ಇಲ್ಲದೆ. ಚೈನಿಗೆ ಪೂರ್ತಿ ಮುಚ್ಚಳವಿದ್ದದ್ದರಿಂದ ಸೀರೆಗಾಗಿ ನಿಲ್ಲುವ ಮೂರು ನಿಲುಗಡೆಗಳು ತಪ್ಪಿದವು. ಅವುಗಳ ಜಾಗದಲ್ಲಿ ಹೊಸ ಸೈಕಲ್ಲು ನೋಡಲು ಬಂದವರ ನಾಲ್ಕು ನಿಲುಗಡೆ ಸೇರಿದವು. ಇಳಿಜಾರು ಬಂತು. ಆಕೆ ಮೂರನೆಯ ಗೇರಿನಲ್ಲಿ ಸರ್ರನೆ ಇಳಿದಳು, ನಾನು ಬೈಕಿನಲ್ಲಿ ಹಿಂದೆ. ತಳದಲ್ಲಿ ಎಂದಿನಂತೆ ಕುರಿ. ನಿಂತಳು. ಈರಮ್ಮ ಏನೋ ಕೇಳಿದಳು, ಆಕೆ ಏನೋ ಹೇಳಿ ನಕ್ಕಳು. ನಗುತ್ತಲೇ ಬಲಗೈಯ ಹಿಡಿಯನ್ನು ಎರಡು ಸಲ ತಿರುವಿದಳು. ಟಿಕ್, ಟಿಕ್. ಕುರಿಗಳು ದಾಟಿದವು. ಪೆಡಲಿನ ಮೇಲೆ ಕಾಲಿಟ್ಟಳು, ಮೋಟಾರು ಜೊತೆಗೂಡಿತು, ಸೈಕಲ್ಲು ಅವಸರವಿಲ್ಲದೆ ಏರತೊಡಗಿತು. ಇಳಿಯಲಿಲ್ಲ. ಮೇಲೆ ಹೋಗಿ ಒಂದು ಸಲ ಹಿಂತಿರುಗಿ ನೋಡಿ ಮರೆಯಾದಳು.

ನಾನು ಹೊರಡಲಿಲ್ಲ. ಆಕೆಯನ್ನು ನೋಡುವ ಭರದಲ್ಲಿ ನಾಲ್ಕನೆಯ ಗೇರಿನಲ್ಲೇ ಬ್ರೇಕು ಹಾಕಿದ್ದೆ. ಇಂಜಿನ್ನು ಕೆಮ್ಮಿ ನಿಂತಿತ್ತು. ನಿಂತ ಬೈಕಿನಲ್ಲಿ ಗೇರು ಸುಲಭಕ್ಕೆ ಇಳಿಯುವುದಿಲ್ಲ. ಒದ್ದೆ, ತಳ್ಳಿದೆ, ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದೆ. ತಡವಾಗಿ ಬಂದ ಕುರಿಮರಿಗಳು ನನ್ನ ಸುತ್ತ ನಿಂತವು.

ಈರಮ್ಮ ಕೋಲಿಗೆ ಗದ್ದ ಊರಿ ಸ್ವಲ್ಪ ಹೊತ್ತು ನೋಡಿದಳು. "ಟೀಚರಮ್ಮ ಆಗ್ಲೇ ಸಾಲಿ ಮುಟ್ಟಿರ್ತಾಳ. ನಿಮ್ ಗಾಡಿಗೆ ಗೇರಿಲ್ಲೇನ್ರಿ ಸಾರ್?"

"ನಾಲ್ಕದಾವವ್ವಾ."

"ನಾಲ್ಕಿದ್ದೂ ಹಿಂಗಾ?" ಎಂದು ಮರಿಗಳನ್ನು ಅಟ್ಟಿಕೊಂಡು ಹೋದಳು.

ಶನಿವಾರ ಸಂಜೆ ನಾವಿಬ್ಬರೂ ಚಹಾ ಕುಡಿಯುತ್ತಿದ್ದಾಗ ಆಕೆಯ ಫೋನು ಟಿಣ್ ಎಂದಿತು. ತೆರೆದು ನನ್ನ ಮುಂದೆ ಹಿಡಿದಳು. ತೆಲುಗಿನಲ್ಲಿ ಒಂದೇ ಸಾಲು: ಗಡುವು ಮುಗಿದಿದೆ, ನಿಮ್ಮ ವರ್ಗಾವಣೆ ಅರ್ಜಿ ಅಪೂರ್ಣ. ಮೂವತ್ತು ವರ್ಷ ವಾಕ್ಯ ತಿದ್ದಿದವನು ಓದಿ ನೋಡಿದೆ. ಹೊಡೆಯಬೇಕಾದ ಪದ ಒಂದೂ ಇರಲಿಲ್ಲ. ಆ ಸುದ್ದಿಯ ಬಗ್ಗೆ ಇನ್ನೊಂದು ಕಡೆಯವರನ್ನು ಕೇಳಲೂ ಹೋಗಲಿಲ್ಲ.